ಮುಖ್ಯೋಪಾಧ್ಯಾಯರ ಸಂಘವೇಕೆ?

ಚಳ್ಳಕೆರೆ ಸೀಮೆಯ ದೊಡ್ಡಉಳ್ಳಾರ್ತಿಯಂತಹ ಗ್ರಾಮಗಳಲ್ಲಿ, ಪಾಠಪ್ರವಚನದೊಡನೆ ಅಕ್ಷರ ದಾಸೋಹದ ಅಕ್ಕಿಬೇಳೆಯ ಲೆಕ್ಕವನ್ನೂ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಕಾರ್ಯದರ್ಶಿತ್ವವನ್ನೂ ಹೊರಬೇಕಾದ ಮುಖ್ಯೋಪಾಧ್ಯಾಯನು ಸಹೋದ್ಯೋಗಿಗಳ ನಡುವೆ ಇದ್ದೂ ಏಕಾಕಿ. ಅವನ ಸಮಾನಸ್ಕಂಧನಿರುವುದು ನೆರೆಯೂರಿನ ಶಾಲೆಯಲ್ಲಿ.

ಈ ಏಕಾಕಿತನವನ್ನು ನೀಗಬಲ್ಲ ಮುಖ್ಯೋಪಾಧ್ಯಾಯರ ಸಂಘಗಳ ಇತಿಹಾಸ ದೀರ್ಘವಾದುದು. 1869ರಲ್ಲಿ ಇಂಗ್ಲೆಂಡಿನ ಅಪ್ಪಿಂಗ್‌ಹ್ಯಾಮ್ ಶಾಲೆಯ ಮುಖ್ಯೋಪಾಧ್ಯಾಯ ಎಡ್ವರ್ಡ್ ಥ್ರಿಂಗ್, ದತ್ತಿಶಾಲೆಗಳ ಸ್ವಾತಂತ್ರ್ಯಕ್ಕೆ ಸರ್ಕಾರದ ಹೊಸ ಕಾನೂನಿನಿಂದ ಚ್ಯುತಿಯುಂಟಾದೀತೆಂಬ ಶಂಕೆಯಿಂದ, ಒಗ್ಗೂಡಲೆಂದು ಹಲವು ಮುಖ್ಯೋಪಾಧ್ಯಾಯರನ್ನು ತನ್ನಲ್ಲಿಗೆ ಆಹ್ವಾನಿಸಿದನು. ಐದು ವರ್ಷಗಳ ತರುವಾಯ, 1874ರಲ್ಲಿ, ಫ್ರಾನ್ಸಿಸ್ ಬಸ್, ಡೊರೊಥಿಯಾ ಬೀಲ್ ಮೊದಲಾದ ಮುಖ್ಯೋಪಾಧ್ಯಾಯಿನಿಯರು ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಭಾರತದಲ್ಲಿ 1939ರಲ್ಲಿ ಪ್ರತಿಷ್ಠಿತ ‘ಪಬ್ಲಿಕ್’ ಶಾಲೆಗಳ ಸಮ್ಮೇಳನವು ಉದಯಿಸಿತು. ಹಳ್ಳಿಯ ಸರ್ಕಾರಿ ಶಾಲೆಗೆ ಅದು ದೂರದ ವೈಭವವೇ ಸರಿ.

ನಮ್ಮ ನಾಡಿನ ಮುಖ್ಯೋಪಾಧ್ಯಾಯರ ಸಂಘಗಳು ಬಡ್ತಿ, ವೇತನಗಳಿಗಾಗಿ ಮನವಿ ಸಲ್ಲಿಸುವುದು ನ್ಯಾಯವೇ. ಆದರೆ ನೂತನವಾಗಿ ಹುದ್ದೆಗೇರಿದವನಿಗೆ ಅನುದಾನದ ಲೆಕ್ಕಪತ್ರವಿಡುವ ಕ್ರಮವನ್ನು ಹಿರಿಯನೊಬ್ಬನು ಪಕ್ಕದಲ್ಲಿ ಕುಳಿತು ತೋರಿಸಿಕೊಡುವುದು, ನನ್ನೆಣಿಕೆಯಲ್ಲಿ, ಅದಕ್ಕಿಂತ ಮಿಗಿಲಾದ ಸಂಘಕಾರ್ಯ.