ಕಟ್ಟು ಒಂದು, ಲಿಪಿ ಹಲವು

ಗಮಕಿಗಳಾಗಿದ್ದ ನನ್ನ ಗೆಳೆಯರೊಬ್ಬರು ಎರಡು ವರ್ಷಗಳ ಹಿಂದೆ ತೀರಿಕೊಂಡರು. ಅವರ ಕೊನೆಯ ವಾಚನವನ್ನು ಶಿಷ್ಯರೊಬ್ಬರು ಮೊಬೈಲಿನಲ್ಲಿ ಚಿತ್ರಿಸಿಕೊಂಡಿದ್ದರು. ಪೆನ್‌ಡ್ರೈವಿನಲ್ಲಿ ಅದನ್ನು ನನಗೆ ತಂದುಕೊಟ್ಟರು. ಮನೆಯ ಟಿ.ವಿ.ಗೆ ಜೋಡಿಸಿದಾಗ ಗೆಳೆಯರ ಕಂಠ ಕೇಳಿಸಿತು, ಮುಖ ಕಾಣಿಸಲಿಲ್ಲ. ತೆರೆಯೆಲ್ಲ ಕಪ್ಪು. ಅಂಗಡಿಯವರೊಬ್ಬರು ನೋಡಿ, "ಫೈಲು ಕೆಟ್ಟಿದೆ ಸಾರ್, ಅಳಿಸಿಬಿಡಿ" ಎಂದರು. ಅಳಿಸದೆ ಇಟ್ಟುಕೊಂಡದ್ದು ನನ್ನ ಪುಣ್ಯ. ಫೈಲು ಕೆಟ್ಟಿರಲಿಲ್ಲ, ಓದುವ ಯಂತ್ರಕ್ಕೆ ಲಿಪಿ ಬರುತ್ತಿರಲಿಲ್ಲ, ಅಷ್ಟೆ.

ಹಸ್ತಪ್ರತಿಗಳೊಡನೆ ಒಡನಾಡಿದವರಿಗೆ ಇದು ಹೊಸ ಅನುಭವವೇನೂ ಅಲ್ಲ. ಎರಡು ತಾಳೆಗರಿಯ ಕಟ್ಟುಗಳು ಹೊರನೋಟಕ್ಕೆ ಒಂದೇ ತೆರನಾಗಿರುತ್ತವೆ: ಮೇಲೆ ಕೆಳಗೆ ಮರದ ಹಲಗೆ, ನಡುವೆ ದಾರ. ಬಿಚ್ಚಿ ನೋಡಿದರೆ ಒಂದು ಕನ್ನಡ ಲಿಪಿಯಲ್ಲಿದೆ, ಇನ್ನೊಂದು ತಿಗಳಾರಿಯಲ್ಲಿಯೋ ನಂದಿನಾಗರಿಯಲ್ಲಿಯೋ ಇದೆ. ವಿಡಿಯೋ ಫೈಲೂ ಹೀಗೆಯೇ. ಹೆಸರಿನ ಕೊನೆಯಲ್ಲಿ ಕಾಣುವ ಎಂಪಿ4, ಎವಿಐ, ಎಂಕೆವಿ ಎಂಬವು ಕಟ್ಟಿನ ಹೆಸರುಗಳು. ಈ ಕಟ್ಟನ್ನು ಕಂಟೈನರ್ ಎನ್ನುತ್ತಾರೆ. ಚಿತ್ರ, ಧ್ವನಿ, ಉಪಶೀರ್ಷಿಕೆಗಳನ್ನು ಒಟ್ಟಿಗೆ ಹಿಡಿದು, ಯಾವ ಕ್ಷಣಕ್ಕೆ ಯಾವುದೆಂದು ಹೊಂದಿಸಿಡುವುದು ಅದರ ಕೆಲಸ. ಒಳಗಿನ ಲಿಪಿಗೆ ಕೊಡೆಕ್ ಎಂದು ಹೆಸರು.

ಈ ಲಿಪಿ ಏಕೆ ಬೇಕಾಯಿತು? ಅಗಲಕ್ಕೆ 1920, ಎತ್ತರಕ್ಕೆ 1080 ಬಿಂದುಗಳುಳ್ಳ ಚಿತ್ರಗಳನ್ನು ಸೆಕೆಂಡಿಗೆ 25ರಂತೆ, ಬಿಂದುವಿಗೆ 3 ಬೈಟ್‌ಗಳಂತೆ ಇದ್ದಹಾಗೆಯೇ ಬರೆದಿಟ್ಟರೆ ನಿಮಿಷವೊಂದಕ್ಕೆ ಸುಮಾರು 9 ಗಿಗಾಬೈಟ್ ಜಾಗ ಬೇಕು. ಆದ್ದರಿಂದ ಅಲುಗದ ಗೋಡೆಯನ್ನು ಮತ್ತೆ ಮತ್ತೆ ಬರೆಯದೆ, ಅಲುಗಿದ ತುಟಿಯನ್ನಷ್ಟೇ ಬರೆಯುವ ಸಂಕ್ಷೇಪಲಿಪಿಗಳು ಹುಟ್ಟಿದವು. 2003ರಲ್ಲಿ ಎಚ್.264 ಬಂತು, 2013ರಲ್ಲಿ, ಅಷ್ಟೇ ಸ್ಪಷ್ಟವಾದ ಚಿತ್ರವನ್ನು ಸುಮಾರು ಅರ್ಧ ಜಾಗದಲ್ಲಿ ಹಿಡಿಯಬಲ್ಲ ಎಚ್‌ಇವಿಸಿ, 2018ರಲ್ಲಿ ಎವಿ1. ಎಂಪಿ4 ಕಟ್ಟಿನೊಳಗೆ ಈ ಮೂರರಲ್ಲಿ ಯಾವುದಾದರೂ ಇರಬಹುದು. ನಮ್ಮ ಟಿ.ವಿ. 2012ರದು, ಮೊಬೈಲು ಬರೆದದ್ದು ಎಚ್‌ಇವಿಸಿಯಲ್ಲಿ. ಕಟ್ಟು ಬಿಚ್ಚಲು ಅದಕ್ಕೆ ತಿಳಿದಿತ್ತು. ಆದರೆ ತನ್ನ ನಂತರ ಹುಟ್ಟಿದ ಲಿಪಿಯನ್ನು ಓದುವುದೆಂತು? ಧ್ವನಿಯ ಲಿಪಿ ಬೇರೆ, ಹಳೆಯದು. ಅದಕ್ಕೇ ಕಂಠ ಕೇಳಿಸಿತು.

ಪರಿಹಾರ ಮೂರು ಬಗೆ. ಮೊದಲನೆಯದು, ಹಲವು ಲಿಪಿಗಳನ್ನು ಬಲ್ಲ ಓದುಗನನ್ನು ಕರೆಯುವುದು. ಫ್ರಾನ್ಸಿನ ಎಕೋಲ್ ಸೆಂಟ್ರಾಲ್ ಪ್ಯಾರಿಸ್ ಎಂಬ ವಿದ್ಯಾಸಂಸ್ಥೆಯ ವಿದ್ಯಾರ್ಥಿಗಳು 1996ರಲ್ಲಿ ಆರಂಭಿಸಿದ, 2001ರಿಂದ ಎಲ್ಲರಿಗೂ ಮುಕ್ತವಾಗಿರುವ ವಿಎಲ್‌ಸಿ ಅಂಥದು. ಮೊಮ್ಮಗ ಕಂಪ್ಯೂಟರಿನಲ್ಲಿ ಅದನ್ನು ಹಾಕಿಕೊಟ್ಟೊಡನೆ ಗೆಳೆಯರ ಮುಖ ಮೂಡಿತು. ಎರಡನೆಯದು, ಲಿಪಿ ತಿಳಿದಿದ್ದು ಕಟ್ಟು ಮಾತ್ರ ಒಗ್ಗದಿದ್ದರೆ ಹಲಗೆ ಬದಲಿಸುವುದು, ಅಕ್ಷರವೊಂದೂ ಕೆಡದು. ಮೂರನೆಯದು, ಬೇರೆ ಲಿಪಿಗೆ ಪ್ರತಿಮಾಡುವುದು; ಇಲ್ಲಿ ಲಿಪಿಕಾರನ ಕೈತಪ್ಪಿನಂತೆ ಪ್ರತಿಯೊಂದು ಸಲವೂ ಚಿತ್ರ ಸ್ವಲ್ಪ ಸವೆಯುತ್ತದೆ. ಫೈಲಿನ ಹೆಸರಿನ ಬಾಲವನ್ನಷ್ಟೇ ತಿದ್ದುವುದು ಪರಿಹಾರವಲ್ಲ. ಅದು ಕಟ್ಟಿನ ಮೇಲಿನ ಚೀಟಿಯನ್ನು ಬದಲಿಸಿದಂತೆ.

ಓದಲು ಬಾರದೆಂದು ಹೊಳೆಗೆ ಬಿಟ್ಟ ಓಲೆಗಳ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಟಿ.ವಿ.ಗಾಗಿ ನಾನು ಎಚ್.264ರಲ್ಲಿ ಬೇರೊಂದು ಪ್ರತಿ ಮಾಡಿಸಿಕೊಂಡಿದ್ದೇನೆ. ಮೂಲಪ್ರತಿ ಮಾತ್ರ ಹಾಗೆಯೇ ಇದೆ.