ಆರನೇ ಪ್ರಶ್ನೆ

ಪ್ಲೇನೋದಲ್ಲಿ ಎಚ್-1ಬಿ ವೀಸಾ ಮೇಲಿರೋ ಒಬ್ಬರಿಗೆ ಕೆಲಸ ಹೋಯ್ತು ಅಂದ್ಕೊಳ್ಳಿ. ಕೈಯಲ್ಲಿರೋದು ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಹೊಸ ಕಂಪನಿ ಅರ್ಜಿ ಹಾಕಬೇಕು, ಬೇರೆ ವೀಸಾಗೆ ಬದಲಾಗಬೇಕು, ಇಲ್ಲಾ ದೇಶ ಬಿಡಬೇಕು. ಊರಿಂದ ಅಮ್ಮ ಫೋನ್ ಮಾಡಿದ್ರೆ "ಎಲ್ಲಾ ಚೆನ್ನಾಗಿದೆ" ಅಂತಾರೆ. ಯುಗಾದಿಗೆ ಕನ್ನಡ ಸಂಘದ ಕಡೆ ತಲೆ ಹಾಕಲ್ಲ. ಯಾವ ಮುಖ ಇಟ್ಕೊಂಡು ಹೋಗೋದು?

ಈ ಮಾತನ್ನೇ ಅಳೆಯೋ ಪ್ರಶ್ನೆ ಒಂದಿದೆ. ಪಿಎಚ್‌ಕ್ಯೂ-9 ಅನ್ನೋದು ಖಿನ್ನತೆ ಗುರುತಿಸೋಕೆ ವೈದ್ಯರು, ಥೆರಪಿಸ್ಟ್‌ಗಳು ಬಳಸುವ ಒಂಬತ್ತು ಪ್ರಶ್ನೆಗಳ ಪಟ್ಟಿ; ಅದರ ಅಧ್ಯಯನ ಪ್ರಕಟವಾಗಿದ್ದು 2001ರಲ್ಲಿ. ಕಳೆದ ಎರಡು ವಾರದ ನಿದ್ದೆ, ಸುಸ್ತು, ಹಸಿವು ಕೇಳಿದ ಮೇಲೆ ಆರನೆಯದು ಬರುತ್ತೆ: ನಾನು ಸೋತವನು, ಮನೆಯವರ ನಂಬಿಕೆ ಉಳಿಸಿಕೊಳ್ಳಲಿಲ್ಲ ಅನ್ನೋ ಭಾವನೆ ಎಷ್ಟು ಸಲ ಕಾಡಿತು? ಉತ್ತರಕ್ಕೆ 0ಯಿಂದ 3 ಅಂಕ. (ಪೇಪರ್ ರಿಜೆಕ್ಟ್ ಆದ ವಾರ ನಮ್ಮ ಲ್ಯಾಬ್‌ನಲ್ಲೂ 0 ಹಾಕೋರು ಕಡಿಮೆ.)

ನಮಗೆ ಮುಖ್ಯ ಅನ್ನಿಸಿದ್ದು ಆ ಪ್ರಶ್ನೆ ಇರುವ ಜಾಗ. "ನಾನು ಯಾವುದಕ್ಕೂ ಲಾಯಕ್ಕಿಲ್ಲ" ಅನ್ನೋದು ಒಳಗಿರೋರಿಗೆ ಕೊನೆಗೂ ಗೊತ್ತಾದ ಸತ್ಯದ ಥರ ಕೇಳಿಸುತ್ತೆ. ಪಟ್ಟಿಯಲ್ಲಿ ಅದು ಹಸಿವಿನ ಪಕ್ಕದಲ್ಲೇ ಕೂತಿರೋ ಒಂದು ಲಕ್ಷಣ. ಜ್ವರ ಬಂದ್ರೆ ಯಾರೂ ನಾಚಿಕೊಳ್ಳಲ್ಲ.

ಇದು ಬರೋದಾದ್ರೂ ಎಲ್ಲಿಂದ? ಮಾರ್ಕ್ ಲಿಯರಿ ಅನ್ನೋ ಮನೋವಿಜ್ಞಾನಿ ಮತ್ತು ಅವರ ಸಹೋದ್ಯೋಗಿಗಳು 1995ರಲ್ಲಿ ಒಂದು ವಿವರಣೆ ಕೊಟ್ಟರು. ಸ್ವಾಭಿಮಾನ ಅನ್ನೋದು ಕಾರಿನ ಪೆಟ್ರೋಲ್ ಮುಳ್ಳಿನ ಹಾಗೆ. ಅದು ತೋರಿಸೋದು ನಮ್ಮ ಬೆಲೆಯನ್ನಲ್ಲ, ಬೇರೆಯವರು ನಮ್ಮನ್ನು ಎಷ್ಟು ಸೇರಿಸಿಕೊಳ್ತಾರೆ ಅನ್ನೋ ನಮ್ಮ ಅಂದಾಜನ್ನ. ಗುಂಪಿನಲ್ಲಿ ಬದುಕಿದ ನಮ್ಮ ಪೂರ್ವಜರಿಗೆ ಗುಂಪು ಬಿಡೋದು ಅಂದ್ರೆ ಪ್ರಾಣಕ್ಕೇ ಸಂಚಕಾರ, ಹಾಗಾಗಿ ಮುಳ್ಳು ಸ್ವಲ್ಪಕ್ಕೇ ಕೆಳಗಿಳಿಯುತ್ತೆ. ಆದರೆ ಸಂಘದವರು ಇನ್ನೂ ಏನೂ ಅಂದಿಲ್ಲ! ಇವರೇ ದೂರ ಉಳಿದರು, ಮುಳ್ಳು ಇನ್ನಷ್ಟು ಇಳಿಯಿತು. ಥೆರಪಿಸ್ಟ್ ಕೈ ಹಾಕೋದು ಇಲ್ಲೇ: "ಹಾಗಂತ ಯಾರು ಹೇಳಿದ್ರು?" ಅಂತ ಕೇಳ್ತಾರೆ. ಆಮೇಲೆ ಒಬ್ಬರಿಗಾದರೂ ನಿಜ ಹೇಳಿ ನೋಡಿ ಅಂತಾರೆ.

ಥೆರಪಿಯಿಂದ 60 ದಿನ 61 ಆಗಲ್ಲ, ಅದನ್ನ ಮುಚ್ಚಿಡೋದು ಬೇಡ. ಆದರೆ ರೆಸ್ಯೂಮೆ ಕಳಿಸೋಕೂ ಬೆಳಗ್ಗೆ ಹಾಸಿಗೆಯಿಂದ ಏಳಬೇಕಲ್ಲ.

ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆ ಬಗ್ಗೆ. ಅದಕ್ಕೆ ನಿಮ್ಮ ಉತ್ತರ 0 ಅಲ್ಲದಿದ್ದರೆ ಇವತ್ತೇ ಅಮೆರಿಕದಲ್ಲಿ 988ಕ್ಕೆ ಫೋನ್ ಅಥವಾ ಮೆಸೇಜ್ ಮಾಡಿ. ಭಾರತದಲ್ಲಿ ಟೆಲಿ-ಮಾನಸ್, 14416. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.