ನಿಮಗಿದು ಗೊತ್ತೆ? ನಾಯಿಯ ಮಂಡಿಗೆ ಇಳಿಜಾರಿನ ಚಿಕಿತ್ಸೆ
ನಾಯಿಯ ಹಿಂಗಾಲಿನ ಮಂಡಿಯೊಳಗಿನ ಲಿಗಮೆಂಟ್ ಹರಿದರೆ ಅದನ್ನು ಹೊಲಿದು ಜೋಡಿಸುವುದಿಲ್ಲ; ಹಲವು ಬಾರಿ ಮೂಳೆಯನ್ನೇ ಕೊಯ್ದು ತಿರುಗಿಸುತ್ತಾರೆ! ಮಂಡಿಯ ಕೆಳಗಿನ ಮೂಳೆಯ ಮೇಲ್ತುದಿ ನಾಯಿಗಳಲ್ಲಿ ಸುಮಾರು 25 ಡಿಗ್ರಿ ಇಳಿಜಾರು. ಲಿಗಮೆಂಟಿನ ಹಿಡಿತ ತಪ್ಪಿದರೆ ತೊಡೆಮೂಳೆ ಪ್ರತಿ ಹೆಜ್ಜೆಗೂ ಅದರ ಮೇಲೆ ಹಿಂದಕ್ಕೆ ಜಾರುತ್ತದೆ. ಅಮೆರಿಕದ ಪಶುವೈದ್ಯ ಬಾರ್ಕ್ಲೇ ಸ್ಲೋಕಮ್ 1993ರಲ್ಲಿ ಪ್ರಕಟಿಸಿದ ‘ಟಿಪಿಎಲ್‌ಒ’ ವಿಧಾನದಲ್ಲಿ ಆ ತುದಿಯನ್ನು ಬಾಗಿದ ಗರಗಸದಿಂದ ಕೊಯ್ದು, ಇಳಿಜಾರು 5 ಡಿಗ್ರಿಯ ಆಸುಪಾಸಿಗೆ ಬರುವಂತೆ ತಿರುಗಿಸಿ, ಲೋಹದ ಪ್ಲೇಟು, ಸ್ಕ್ರೂಗಳಿಂದ ಬಿಗಿಯುತ್ತಾರೆ. ಎಷ್ಟೋ ನಾಯಿಗಳು ಕೆಲವೇ ದಿನಗಳಲ್ಲಿ ಕಾಲೂರುತ್ತವೆ. ಎಚ್ಚರ ಬೇಕಾದದ್ದು ಆಗಲೇ. ಮೂಳೆ ಕೂಡಲು ಸುಮಾರು 8 ವಾರ ಬೇಕು. ನೋವು ಮರೆತ ಪ್ರಾಣಿಗೆ ಅದು ತಿಳಿಯದು. ಅಲ್ಲಿಯವರೆಗೆ ಓಟ, ಸೋಫಾ ಹತ್ತುವುದು, ಜಾರುವ ಟೈಲ್ಸ್ ಬೇಡವೇ ಬೇಡ. ತೂಕವನ್ನೂ ಹಿಡಿತದಲ್ಲಿಡಿ: ಒಂದು ಮಂಡಿ ಕೆಟ್ಟ ನಾಯಿಗಳಲ್ಲಿ ಅನೇಕಕ್ಕೆ ಮುಂದೆ ಇನ್ನೊಂದು ಮಂಡಿಯ ಲಿಗಮೆಂಟೂ ಹರಿಯುತ್ತದೆ.